ಹಂಚಿಕೊಂಡ ಸಂಶೋಧನಾ ಜಾಲದಲ್ಲಿ ಒಬ್ಬರ ಪ್ರಯೋಗ ಇನ್ನೊಬ್ಬರದನ್ನು ಕೆಡಿಸದಂತೆ ನೋಡಿಕೊಳ್ಳುವ ಬಗೆ

ಬೆಂಗಳೂರಿನಲ್ಲಿ ಹಲವು ಸಂಶೋಧನಾ ವಿದ್ಯಾರ್ಥಿಗಳು ಹಂಚಿಕೊಂಡು ಬಳಸುವ ಒಂದು ಪರೀಕ್ಷಾ ಜಾಲವನ್ನು ನಾನು ಕೆಲವು ವರ್ಷ ನೋಡಿಕೊಂಡಿದ್ದೆ. ಒಂದು ಸಂಜೆ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬರು ತೆರೆದ ಲ್ಯಾಪ್‌ಟಾಪನ್ನು ಕೈಯಲ್ಲಿ ಹಿಡಿದುಕೊಂಡೇ ಕೊಠಡಿಗೆ ಬಂದರು. "ಸರ್, ನನ್ನ ಲಿಂಕ್ ಪೂರ್ತಿ ಖಾಲಿ ಇದೆ. ಆದರೂ ಹೊಸ ಫ್ಲೋ ಶುರುವಾದಾಗಲೆಲ್ಲ ಮೊದಲ ಪ್ಯಾಕೆಟ್ ತಲುಪೋದಕ್ಕೆ ಅರ್ಧ ಸೆಕೆಂಡ್ ಹಿಡೀತಿದೆ. ನಿನ್ನೆ ಹೀಗಿರಲಿಲ್ಲ" ಎಂದರು. (ಫ್ಲೋ ಅಂದರೆ ಒಂದೇ ಮೂಲದಿಂದ ಒಂದೇ ಗುರಿಗೆ ಸಾಗುವ ಪ್ಯಾಕೆಟ್ಟುಗಳ ಸರಣಿ.) ಲಿಂಕಿನ ಗ್ರಾಫ್ ತೆರೆದು ನೋಡಿದರೆ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಆದರೆ ಸ್ವಿಚ್ಚಿನ ಕನ್ಸೋಲಿಗೆ ಹೋಗಿ ನೋಡಿದಾಗ ಅದರ ಸಿಪಿಯು ಉಸಿರು ಬಿಡಲೂ ಪುರುಸೊತ್ತಿಲ್ಲದಂತೆ ದುಡಿಯುತ್ತಿತ್ತು. ಅದೇ ಸ್ವಿಚ್ಚಿನ ಇನ್ನೊಂದು ಸ್ಲೈಸಿನಲ್ಲಿ, ಅಂದರೆ ಬೇರೊಬ್ಬ ವಿದ್ಯಾರ್ಥಿಗೆ ಹಂಚಿದ ಹೋಳಿನಲ್ಲಿ, ಅವನ ಕಂಟ್ರೋಲರ್ (ಸ್ವಿಚ್ಚಿಗೆ ಆಜ್ಞೆ ಕೊಡುವ ಪ್ರೋಗ್ರಾಂ) ಒಂದೇ ಒಂದು ಫ್ಲೋ ನಿಯಮವನ್ನೂ, ಅಂದರೆ ಯಾವ ಬಗೆಯ ಪ್ಯಾಕೆಟ್ ಎಲ್ಲಿಗೆ ಹೋಗಬೇಕೆಂಬ ಸೂಚನೆಯನ್ನೂ, ಬರೆಯದೆ, ಬಂದ ಪ್ರತಿಯೊಂದು ಪ್ಯಾಕೆಟ್ಟನ್ನೂ ತನ್ನ ಬಳಿಗೆ ತರಿಸಿಕೊಂಡು ಮರಳಿ ಕಳಿಸುತ್ತಿತ್ತು.

ಇಬ್ಬರ ವಿಎಲ್ಎಎನ್ (ಒಂದೇ ಜಾಲವನ್ನು ಸಂಖ್ಯೆ ಹಚ್ಚಿ ಬೇರ್ಪಡಿಸಿದ ಭಾಗ) ಬೇರೆ ಬೇರೆಯಾಗಿತ್ತು, ಬ್ಯಾಂಡ್‌ವಿಡ್ತ್ ಪಾಲು ಸರಿಯಾಗಿಯೇ ಆಗಿತ್ತು. ತಪ್ಪು ನನ್ನದು: ಹಂಚಿಕೆಯಾಗುವ ವಸ್ತುಗಳ ಪಟ್ಟಿಯಲ್ಲಿ ಸ್ವಿಚ್ಚಿನ ಸಿಪಿಯುವನ್ನು ನಾನು ಬರೆದುಕೊಂಡೇ ಇರಲಿಲ್ಲ. ಹಳೆಯ ಬೆಂಗಳೂರಿನ ವಠಾರಗಳಲ್ಲಿ ಬೆಳೆದವರಿಗೆ ಈ ಸಂಕಟ ಪರಿಚಿತ. ಪ್ರತಿ ಮನೆಗೂ ಪ್ರತ್ಯೇಕ ನಲ್ಲಿ ಇರುತ್ತದೆ, ಆದರೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಎತ್ತುವ ಮೋಟರ್ ಒಂದೇ. ಅದು ಕೆಟ್ಟ ದಿನ ಯಾರ ನಲ್ಲಿ ಯಾವುದೆಂಬ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ. ಸಾಫ್ಟ್‌ವೇರ್ ನಿಯಂತ್ರಿತ ಜಾಲವನ್ನು ಹೋಳು ಮಾಡಿ ಹಂಚುವವರು ಮೊದಲು ಹುಡುಕಬೇಕಾದದ್ದು ಇಂತಹ ಮೋಟರ್‌ಗಳನ್ನು.

ಪಟ್ಟಿ ಮಾಡಿಕೊಳ್ಳುವುದು

ಈ ಪ್ರಶ್ನೆಗೆ ಒಳ್ಳೆಯ ಹಿನ್ನೆಲೆಯೇ ಇದೆ. 2008ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕ್ ಮೆಕ್ಯೂನ್ ಮತ್ತು ಸಂಗಡಿಗರು ಕಂಟ್ರೋಲರ್ ಸ್ವಿಚ್ಚಿನೊಡನೆ ಮಾತನಾಡುವ ಓಪನ್‌ಫ್ಲೋ ಎಂಬ ಪ್ರೋಟೊಕಾಲನ್ನು ಮುಂದಿಟ್ಟಾಗ ಅವರ ಉದ್ದೇಶವೇ ಕ್ಯಾಂಪಸ್ಸಿನ ನಿಜವಾದ ಜಾಲದಲ್ಲಿ ಸಂಶೋಧಕರು ಪ್ರಯೋಗ ಮಾಡುವಂತಾಗಬೇಕು ಎಂಬುದಾಗಿತ್ತು. ಮರುವರ್ಷವೇ ಅದೇ ಬಳಗದಿಂದ ಫ್ಲೋವೈಸರ್ ಬಂತು. ಅದು ಸ್ವಿಚ್ಚುಗಳಿಗೂ ಕಂಟ್ರೋಲರ್‌ಗಳಿಗೂ ನಡುವೆ ಕುಳಿತು, ಎರಡೂ ಕಡೆಯವರಿಗೆ ತಾನಿರುವುದೇ ಗೊತ್ತಾಗದಂತೆ ಸಂದೇಶಗಳನ್ನು ಪರಿಶೀಲಿಸಿ ತಿದ್ದಿ ಮುಂದಕ್ಕೆ ಕಳಿಸುವ ಮಧ್ಯವರ್ತಿ. ಅಮೆರಿಕದ ಜೆನಿ, ಯುರೋಪಿನ ಒಫೆಲಿಯಾ ಮುಂತಾದ ಪರೀಕ್ಷಾ ಜಾಲಗಳು ಈ ಮಾದರಿಯಲ್ಲೇ ಬೆಳೆದವು. 2014ರಲ್ಲಿ ಬಂದ ಓಪನ್‌ವರ್ಟೆಕ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಬಳಕೆದಾರರಿಗೂ ಅವರದೇ ಆದ ಪೂರ್ಣ ವಿಳಾಸ ವ್ಯಾಪ್ತಿಯನ್ನೂ ಅವರದೇ ಆದ ಟೋಪಾಲಜಿಯನ್ನೂ (ಜಾಲದ ಜೋಡಣೆಯ ನಕ್ಷೆ) ಕೊಟ್ಟಿತು. ನಮ್ಮ ಊರಿಗೂ ಜಾಲ ಹಂಚಿಕೊಳ್ಳುವುದು ಹೊಸದೇನಲ್ಲ. 1986ರಲ್ಲಿ ಭಾರತದ ಶಿಕ್ಷಣ ಮತ್ತು ಸಂಶೋಧನಾ ಜಾಲವಾದ ಅರ್ನೆಟ್ ಆರಂಭವಾದಾಗ ಅದರ ಮೊದಲ ಸಂಸ್ಥೆಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾಗಿತ್ತು.

ಫ್ಲೋವೈಸರ್ ರೂಪಿಸಿದವರು ಬೇರ್ಪಡಿಸಬೇಕಾದವುಗಳನ್ನು ಐದು ಬಗೆಯಾಗಿ ಗುರುತಿಸಿದರು: ಬ್ಯಾಂಡ್‌ವಿಡ್ತ್, ಟೋಪಾಲಜಿ, ಟ್ರಾಫಿಕ್, ಸ್ವಿಚ್ಚಿನ ಸಿಪಿಯು, ಫ್ಲೋ ಟೇಬಲ್. ಇವತ್ತಿನ ಜಾಲದಲ್ಲಿ ಹಲವು ಸ್ವಿಚ್ಚುಗಳು ಸರ್ವರಿನೊಳಗಿನ ಸಾಫ್ಟ್‌ವೇರ್ ಸ್ವಿಚ್ಚುಗಳೇ ಆಗಿರುವುದರಿಂದ, ಇದಕ್ಕೆ ಸರ್ವರಿನ ಕೋರ್‌ಗಳು, ಕ್ಯಾಶ್ ಮತ್ತು ನೆಟ್‌ವರ್ಕ್ ಕಾರ್ಡ್ ಕೂಡ ಸೇರುತ್ತವೆ. ಕೆಲಸ ಆರಂಭಿಸುವ ಮೊದಲು ಒಂದು ಹಾಳೆಯಲ್ಲಿ ಪ್ರತಿ ಸಾಧನದ ಮುಂದೆ ಈ ಎಲ್ಲವನ್ನೂ ಬರೆದು, ಒಂದೊಂದಕ್ಕೂ "ಇದರ ಮಿತಿ ಎಷ್ಟು, ಮಿತಿಯನ್ನು ಎಲ್ಲಿ ಹಾಕಿದ್ದೇನೆ" ಎಂಬ ಎರಡು ಪ್ರಶ್ನೆಗೆ ಉತ್ತರ ತುಂಬಬೇಕು. ಉತ್ತರ ಸಿಗದೆ ಖಾಲಿ ಉಳಿದ ಜಾಗದಿಂದಲೇ ಮುಂದೊಂದು ದಿನ ತೊಂದರೆ ಬರುತ್ತದೆ.

ವಿಳಾಸ ಮತ್ತು ಸಂದೇಶಗಳ ಬೇರ್ಪಡಿಕೆ

ಯಾರ ಪ್ಯಾಕೆಟ್ ಯಾವುದು ಎಂದು ಗುರುತಿಸಲು ವಿಎಲ್ಎಎನ್ ಟ್ಯಾಗ್ ಸಾಕಷ್ಟು ಸುಲಭವಾದ ದಾರಿ. ಅದರ ಸಂಖ್ಯೆಗೆ 12 ಬಿಟ್ ಇರುವುದರಿಂದ ಬಳಸಲು ಸಿಗುವುದು 4094. ಒಂದು ಪ್ರಯೋಗಾಲಯಕ್ಕೆ ಅಷ್ಟು ಧಾರಾಳವಾಯಿತು. ಬೇರೆ ಬೇರೆ ಸಂಸ್ಥೆಗಳ ನಡುವೆ ಐಪಿ ಜಾಲದ ಮೇಲೆ ಸ್ಲೈಸ್ ಹಾಯಿಸಬೇಕಾದರೆ 24 ಬಿಟ್ ಗುರುತಿನ ವಿಎಕ್ಸ್‌ಎಲ್ಎಎನ್ ಬೇಕಾಗುತ್ತದೆ. ಐಪಿವಿ4 ಮೇಲೆ ಅದು ಪ್ರತಿ ಪ್ಯಾಕೆಟ್ಟಿಗೆ 50 ಬೈಟ್ ಹೊದಿಕೆ ಸೇರಿಸುತ್ತದೆ. ಆದ್ದರಿಂದ ಕೆಳಗಿನ ಜಾಲದ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1500 ಆಗಿದ್ದರೆ ಒಳಗಿನ ಯಂತ್ರಗಳಲ್ಲಿ 1450ಕ್ಕೆ ಇಳಿಸುವುದನ್ನು ಮರೆಯಬಾರದು. ಮರೆತರೆ ಪಿಂಗ್ ಹೋಗುತ್ತದೆ, ಫೈಲ್ ಹೋಗುವುದಿಲ್ಲ. ಕಾರಣ ತಿಳಿಯದೆ ದಿನಗಟ್ಟಲೆ ಪರದಾಡಬೇಕಾಗುತ್ತದೆ.

ಟ್ಯಾಗ್ ಹಾಕುವುದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕಂಟ್ರೋಲರ್ ಕಳಿಸುವ ಸಂದೇಶಗಳ ವಿಷಯದಲ್ಲಿ. ಅನೇಕ ಕಂಟ್ರೋಲರ್‌ಗಳು ಸ್ವಿಚ್ಚಿಗೆ ಸಂಪರ್ಕ ಸಿಕ್ಕ ಕೂಡಲೇ ಟೇಬಲ್ಲಿನಲ್ಲಿರುವ ಎಲ್ಲ ನಿಯಮಗಳನ್ನೂ ಅಳಿಸುವ ಆಜ್ಞೆಯನ್ನು ಕಳಿಸುತ್ತವೆ. ಒಬ್ಬರೇ ಬಳಸುವ ಸ್ವಿಚ್ಚಿನಲ್ಲಿ ಅದು ಒಳ್ಳೆಯ ಅಭ್ಯಾಸ. ಹಂಚಿಕೊಂಡ ಸ್ವಿಚ್ಚಿನಲ್ಲಿ ಅದೇ ಆಜ್ಞೆ ತಿದ್ದುಪಡಿಯಿಲ್ಲದೆ ತಲುಪಿದರೆ ಎಲ್ಲರ ಪ್ರಯೋಗವೂ ಒಂದೇ ಏಟಿಗೆ ಅಳಿಸಿಹೋಗುತ್ತದೆ. ಮಧ್ಯವರ್ತಿಯು ಅದನ್ನು ಆ ಸ್ಲೈಸಿನ ವಿಎಲ್ಎಎನ್‌ಗೆ ಸೀಮಿತವಾದ ಅಳಿಸುವಿಕೆಯಾಗಿ ಬದಲಿಸಬೇಕು. ಎಲ್ಲ ಪೋರ್ಟಿಗೂ ಹರಡು ಎಂಬ ಆಜ್ಞೆಯನ್ನು ಆ ಸ್ಲೈಸಿಗೆ ಸೇರಿದ ಪೋರ್ಟ್‌ಗಳ ಪಟ್ಟಿಯಾಗಿ ಬದಲಿಸಬೇಕು. ಎರಡು ಕಂಟ್ರೋಲರ್‌ಗಳು ಒಂದೇ ವಹಿವಾಟು ಸಂಖ್ಯೆಯನ್ನು ಬಳಸಿದಾಗ ಉತ್ತರ ತಪ್ಪು ಮನೆಗೆ ಹೋಗದಂತೆ ಆ ಸಂಖ್ಯೆಯನ್ನೂ ತಿದ್ದಬೇಕು. ಅಂಕಿಅಂಶ ಕೇಳಿದಾಗ ಇಡೀ ಪೋರ್ಟಿನ ಲೆಕ್ಕ ಕೊಟ್ಟರೆ ಪಕ್ಕದವರ ಟ್ರಾಫಿಕ್ ಎಷ್ಟೆಂಬುದೂ ಬಯಲಾಗುತ್ತದೆ. ಅದನ್ನು ಸೋಸಿ ಕೊಡಬೇಕು.

ಇನ್ನೊಂದು ಸೆಟಿಂಗ್ ಬಗ್ಗೆ ಒತ್ತಿ ಹೇಳಲೇಬೇಕು. ಸರ್ವರಿನೊಳಗೆ ಓಡುವ ಸಾಫ್ಟ್‌ವೇರ್ ಸ್ವಿಚ್ಚಾದ ಓಪನ್ ವಿಸ್ವಿಚ್‌ನಲ್ಲಿ ಕಂಟ್ರೋಲರ್ ಸಂಪರ್ಕ ಕಡಿದಾಗ ಏನು ಮಾಡಬೇಕೆಂಬುದಕ್ಕೆ ಫೇಲ್ ಮೋಡ್ ಎಂಬ ಆಯ್ಕೆ ಇದೆ. ಏನನ್ನೂ ಹೇಳದಿದ್ದರೆ ಅದು ಸ್ಟ್ಯಾಂಡ್‌ಅಲೋನ್ ಆಗಿರುತ್ತದೆ, ಅಂದರೆ ಸ್ವಲ್ಪ ಹೊತ್ತು ಕಾದು ಸ್ವಿಚ್ ತಾನೇ ಮಾಮೂಲಿ ಮ್ಯಾಕ್ ಕಲಿಯುವ ಸ್ವಿಚ್ಚಿನಂತೆ ವರ್ತಿಸತೊಡಗುತ್ತದೆ. ಫ್ಲೋ ನಿಯಮಗಳ ಮೂಲಕ ಕಟ್ಟಿದ ಗೋಡೆಗಳೆಲ್ಲ ಆ ಕ್ಷಣ ಇಲ್ಲವಾಗುತ್ತವೆ. ಮೇ ತಿಂಗಳ ಸಂಜೆ ಮಳೆ ಹೊಯ್ದು ಕರೆಂಟ್ ಹೋಗಿ, ಯುಪಿಎಸ್ ಇಲ್ಲದ ಕಂಟ್ರೋಲರ್ ಯಂತ್ರ ಮಾತ್ರ ಆರಿಹೋದ ಒಂದು ದಿನ, ಒಬ್ಬರ ಡಿಎಚ್‌ಸಿಪಿ ಸರ್ವರ್ ಇನ್ನೊಬ್ಬರ ಯಂತ್ರಗಳಿಗೆ ವಿಳಾಸ ಹಂಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಂಚಿಕೊಂಡ ಜಾಲದ ಪ್ರತಿ ಬ್ರಿಡ್ಜಿನಲ್ಲೂ (ಓಪನ್ ವಿಸ್ವಿಚ್‌ನಲ್ಲಿ ಮಾಡಿಕೊಳ್ಳುವ ವರ್ಚುವಲ್ ಸ್ವಿಚ್) ಫೇಲ್ ಮೋಡನ್ನು ಸೆಕ್ಯೂರ್ ಎಂದೇ ಇಡಬೇಕು. ಆಗ ಸಂಪರ್ಕ ಕಡಿದರೂ ಸ್ವಿಚ್ ತಾನಾಗಿ ಹೊಸ ದಾರಿ ತೆರೆಯುವುದಿಲ್ಲ.

ಬ್ಯಾಂಡ್‌ವಿಡ್ತ್

ಇದರ ತಂತ್ರ ಎಲ್ಲರಿಗೂ ಗೊತ್ತಿರುವಂಥದ್ದು. ಲಿನಕ್ಸ್‌ನ ಎಚ್‌ಟಿಬಿ ಸಾಲುಗಳಲ್ಲಿ (ಪ್ಯಾಕೆಟ್ಟುಗಳು ಸರದಿ ಕಾಯುವ ಕ್ಯೂ) ಪ್ರತಿ ಸ್ಲೈಸಿಗೆ ಒಂದು ಸಾಲು ಮಾಡಿ, ಅದಕ್ಕೆ ಕನಿಷ್ಠ ಮತ್ತು ಗರಿಷ್ಠ ದರ ಕೊಟ್ಟು, ಫ್ಲೋ ನಿಯಮದಲ್ಲಿ ಆ ಸಾಲಿನ ಸಂಖ್ಯೆಯನ್ನು ಸೇರಿಸಿದರೆ ಆಯಿತು. ಹಾರ್ಡ್‌ವೇರ್ ಸ್ವಿಚ್ಚುಗಳಲ್ಲಿ ಫ್ಲೋವೈಸರ್ ಮಾಡಿದ ಉಪಾಯ ಈಗಲೂ ಉಪಯುಕ್ತ. ಅದು ಸ್ಲೈಸಿನ ಪ್ರತಿ ನಿಯಮಕ್ಕೂ ವಿಎಲ್ಎಎನ್ ಆದ್ಯತೆಯ ಮೂರು ಬಿಟ್‌ಗಳನ್ನು ಬರೆಯುವ ಕ್ರಿಯೆಯನ್ನು ಸೇರಿಸುತ್ತಿತ್ತು, ಸ್ವಿಚ್ ಆ ಎಂಟು ವರ್ಗಗಳ ಪ್ರಕಾರ ಸಾಲು ಹಂಚುತ್ತಿತ್ತು. 2012ರ ಓಪನ್‌ಫ್ಲೋ 1.3ರಲ್ಲಿ ದರಕ್ಕೆ ಮಿತಿ ಹಾಕುವ ಮೀಟರ್ ಎಂಬ ನೇರ ದಾರಿಯೇ ಬಂತು.

ಇಲ್ಲಿ ನನ್ನದೊಂದು ಖಚಿತ ಅಭಿಪ್ರಾಯವಿದೆ. ಸಾಮಾನ್ಯ ಜಾಲದಲ್ಲಿ ಪಕ್ಕದವರು ಬಳಸದೆ ಬಿಟ್ಟ ಬ್ಯಾಂಡ್‌ವಿಡ್ತನ್ನು ಉಳಿದವರು ಬಳಸಿಕೊಳ್ಳಲಿ ಎಂದು ಗರಿಷ್ಠ ದರವನ್ನು ತೆರೆದಿಡುವುದು ಜಾಣತನ. ಸಂಶೋಧನಾ ಜಾಲದಲ್ಲಿ ಅದು ಅಳತೆಯನ್ನು ಕೆಡಿಸುತ್ತದೆ. ಭಾನುವಾರ ಬೆಳಗ್ಗೆ 900 ಎಂಬಿಪಿಎಸ್ ಸಿಕ್ಕ ಪ್ರಯೋಗಕ್ಕೆ ಸೋಮವಾರ 300 ಸಿಕ್ಕರೆ, ವಿದ್ಯಾರ್ಥಿ ತನ್ನ ಆಲ್ಗಾರಿದಮ್ಮಿನಲ್ಲಿ ಇಲ್ಲದ ದೋಷವನ್ನು ಹುಡುಕುತ್ತಾ ಕೂರುತ್ತಾನೆ. ಅಳತೆ ಮಾಡುವ ಸ್ಲೈಸುಗಳಿಗೆ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಒಂದೇ ಸಂಖ್ಯೆಗೆ ಕಟ್ಟಿಹಾಕಬೇಕು, ಸಿಗುವುದು ಕಡಿಮೆಯಾದರೂ ಪ್ರತಿದಿನ ಅಷ್ಟೇ ಸಿಗಬೇಕು. ಪಾಲಿಸರ್ (ದರ ಮೀರಿದ ಪ್ಯಾಕೆಟ್ಟುಗಳನ್ನು ಬೀಳಿಸುವ ವ್ಯವಸ್ಥೆ) ಬಳಸುವುದಾದರೆ ಬರ್ಸ್ಟ್ ಗಾತ್ರವನ್ನು, ಅಂದರೆ ಒಮ್ಮೆಲೇ ಬರಲು ಬಿಡುವ ಡೇಟಾದ ಪ್ರಮಾಣವನ್ನು, ತೀರಾ ಚಿಕ್ಕದಾಗಿ ಇಡಬಾರದು; ಇಟ್ಟರೆ ಟಿಸಿಪಿ ಪದೇ ಪದೇ ಪ್ಯಾಕೆಟ್ ಕಳೆದುಕೊಂಡು ಕೊಟ್ಟ ದರವನ್ನೂ ಮುಟ್ಟುವುದಿಲ್ಲ. ನಿಯಂತ್ರಣ ಸಂದೇಶಗಳಿಗೆ ಬೇರೆಯೇ ಲಿಂಕ್ ಇರಲಿ. ಅದು ಸಾಧ್ಯವಾಗದಿದ್ದರೆ ಅವಕ್ಕಾಗಿ ಎಲ್ಲಕ್ಕಿಂತ ಮೇಲಿನ ಆದ್ಯತೆಯ ಒಂದು ಸಾಲನ್ನು ಮೀಸಲಿಡಿ.

ಸ್ವಿಚ್ಚಿನ ಸಿಪಿಯು ಮತ್ತು ನಿಯಂತ್ರಣ ದಾರಿ

ಆ ಸಂಜೆಯ ತೊಂದರೆಯ ಮೂಲ ಇಲ್ಲಿದೆ. ಹಾರ್ಡ್‌ವೇರ್ ಸ್ವಿಚ್ಚಿನಲ್ಲಿ ಪ್ಯಾಕೆಟ್ ಸಾಗಿಸುವ ಚಿಪ್ ಬಹಳ ವೇಗದ್ದು, ಆದರೆ ಅದರ ಪಕ್ಕದಲ್ಲಿ ಓಪನ್‌ಫ್ಲೋ ಸಂದೇಶಗಳನ್ನು ನಿಭಾಯಿಸುವ ಸಿಪಿಯು ಬಹಳ ಸಾಧಾರಣವಾದದ್ದು. ನಿಯಮ ಸಿಗದ ಪ್ಯಾಕೆಟ್ ಈ ಸಿಪಿಯುವಿನ ಮೂಲಕವೇ ಕಂಟ್ರೋಲರಿಗೆ ಹೋಗಬೇಕು. ಒಂದು ಗಿಗಾಬಿಟ್ ಲಿಂಕಿನಲ್ಲಿ 64 ಬೈಟಿನ ಅತಿ ಚಿಕ್ಕ ಫ್ರೇಮುಗಳನ್ನು ಕಳಿಸಿದರೆ ಸೆಕೆಂಡಿಗೆ 14,88,095 ಪ್ಯಾಕೆಟ್ ಹಿಡಿಸುತ್ತವೆ. ಅಂದರೆ ಒಬ್ಬರನ್ನು 100 ಎಂಬಿಪಿಎಸ್‌ಗೆ ಕಟ್ಟಿಹಾಕಿ ನಿಶ್ಚಿಂತರಾಗಿ ಕೂತರೂ ಅವರು ಸೆಕೆಂಡಿಗೆ ಒಂದೂವರೆ ಲಕ್ಷದ ಆಸುಪಾಸು ಪ್ಯಾಕೆಟ್ಟುಗಳನ್ನು ಆ ಸಿಪಿಯು ಮೇಲೆ ಸುರಿಯಬಲ್ಲರು. ಬ್ಯಾಂಡ್‌ವಿಡ್ತ್ ಮಿತಿಯಿಂದ ಸಿಪಿಯುವಿಗೆ ರಕ್ಷಣೆ ಸಿಗದೆ ಇರುವುದು ಈ ಕಾರಣಕ್ಕೆ.

ಸಿಪಿಯುವಿನ ಹೊರೆ ನಾಲ್ಕು ಕಡೆಯಿಂದ ಬರುತ್ತದೆ, ಒಂದೊಂದಕ್ಕೂ ಮದ್ದು ಬೇರೆ. ಹೊಸ ಫ್ಲೋಗಳಿಂದ ಹುಟ್ಟುವ ಪ್ಯಾಕೆಟ್ ಇನ್ ಸಂದೇಶಗಳನ್ನು (ನಿಯಮ ಸಿಗದ ಪ್ಯಾಕೆಟ್ಟನ್ನು ಕಂಟ್ರೋಲರಿಗೆ ಒಪ್ಪಿಸುವವು) ಪ್ರತಿ ಸ್ಲೈಸಿಗೂ ಪ್ರತ್ಯೇಕವಾಗಿ ಎಣಿಸಿ, ದರ ಮಿತಿ ಮೀರಿದ ಕೂಡಲೇ ಆ ಬಗೆಯ ಪ್ಯಾಕೆಟ್ಟನ್ನು ಸ್ವಲ್ಪ ಕಾಲ ಬೀಳಿಸುವ ಅಲ್ಪಾವಧಿ ನಿಯಮವೊಂದನ್ನು ಸ್ವಿಚ್ಚಿನಲ್ಲಿಯೇ ಬರೆಯಬೇಕು. ಬೀಳಿಸುವ ಕೆಲಸ ಚಿಪ್‌ನಲ್ಲೇ ಆಗಬೇಕೆಂಬುದು ಇದರ ಜೀವಾಳ, ಏಕೆಂದರೆ ಮಧ್ಯವರ್ತಿಯ ಬಳಿಗೆ ಬಂದ ಮೇಲೆ ಬೀಳಿಸಿದರೆ ಅಷ್ಟರಲ್ಲಿ ಸಿಪಿಯು ತನ್ನ ಶ್ರಮವನ್ನು ಸುರಿದಾಗಿರುತ್ತದೆ. ಎರಡನೆಯದು ಕಂಟ್ರೋಲರ್ ಕಡೆಯಿಂದ ಬರುವ ಬೇಡಿಕೆಗಳು. ಪ್ರತಿ ನೂರು ಮಿಲಿಸೆಕೆಂಡಿಗೆ ಇಡೀ ಟೇಬಲ್ಲಿನ ಅಂಕಿಅಂಶ ಕೇಳುವ ಒಂದು ಮಾನಿಟರಿಂಗ್ ಪ್ರೋಗ್ರಾಂ ಯಾರ ಮೇಲೂ ದಾಳಿ ಮಾಡುವ ಉದ್ದೇಶವಿಲ್ಲದೆಯೇ ಸ್ವಿಚ್ಚನ್ನು ಮಂಡಿಯೂರಿಸಬಲ್ಲದು. ಇಂತಹ ಬೇಡಿಕೆಗಳನ್ನು ಮಧ್ಯವರ್ತಿಯಲ್ಲೇ ತಡೆದು ನಿಧಾನವಾಗಿ ಬಿಡಬೇಕು. ಮೂರನೆಯದು ಚಿಪ್ ಮಾಡಲಾರದ ಕ್ರಿಯೆಗಳಿರುವ ನಿಯಮಗಳು. ಅವು ಸದ್ದಿಲ್ಲದೆ ಸಾಫ್ಟ್‌ವೇರ್ ದಾರಿಗೆ ಇಳಿಯುತ್ತವೆ. ನಿಮ್ಮ ಸ್ವಿಚ್ಚಿನಲ್ಲಿ ಅಂತಹ ಕ್ರಿಯೆಗಳು ಯಾವುವೆಂದು ಮೊದಲೇ ಒಂದೊಂದಾಗಿ ಪರೀಕ್ಷಿಸಿ, ಬೇಡದವನ್ನು ನಿಷೇಧಿಸುವುದು ಮೇಲು. ನಾಲ್ಕನೆಯದು ಸ್ವಿಚ್ಚಿನ ಒಳಗಿನ ಲೆಕ್ಕಪತ್ರದ ಕೆಲಸ. ಅದಕ್ಕೆ ನೀವು ಮಾಡಬಹುದಾದದ್ದು ಒಂದೇ: ಮೇಲಿನ ಮೂರರ ಮಿತಿಗಳನ್ನು ಕೂಡಿಸಿದಾಗ ಸಿಪಿಯು ಪೂರ್ತಿ ಖರ್ಚಾಗದಂತೆ ಜಾಗ ಉಳಿಸುವುದು.

ಓಪನ್ ವಿಸ್ವಿಚ್ ಬಳಸುವವರಿಗೆ ಕಂಟ್ರೋಲರಿಗೆ ಹೋಗುವ ಪ್ಯಾಕೆಟ್ಟುಗಳ ದರಕ್ಕೆ ಮಿತಿ ಹಾಕುವ ಕಂಟ್ರೋಲರ್ ರೇಟ್ ಲಿಮಿಟ್ ಎಂಬ ಸೆಟಿಂಗ್ ಇದೆ. ಏನನ್ನೂ ಬರೆಯದಿದ್ದರೆ ಮಿತಿಯೇ ಇರುವುದಿಲ್ಲ ಎಂಬುದನ್ನು ಗಮನಿಸಬೇಕು. ಬರೆದಾಗ ಅದು ಪೋರ್ಟ್‌ಗಳ ನಡುವೆ ನ್ಯಾಯವಾಗಿ ಸರದಿ ಹಂಚುತ್ತದೆ. ಆದರೆ ಒಂದೇ ಪೋರ್ಟಿನಲ್ಲಿ ಎರಡು ಸ್ಲೈಸ್ ಬರುತ್ತಿದ್ದರೆ ಅವುಗಳ ನಡುವೆ ನ್ಯಾಯ ಮಾಡಲು ಅದಕ್ಕೆ ತಿಳಿಯದು. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತೆಗೆದುಹಾಕಬೇಕು: ಒಂದೇ ಸರ್ವರಿನಲ್ಲಿ ಎರಡು ಬ್ರಿಡ್ಜ್ ಮಾಡಿದರೆ ಎರಡು ಸ್ವಿಚ್ ಆದಂತಲ್ಲ. ಎರಡಕ್ಕೂ ಹಿಂದೆ ಇರುವುದು ಒಂದೇ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ), ಕರ್ನಲ್ಲಿನಲ್ಲಿ ನಿಯಮ ಸಿಗದ ಪ್ಯಾಕೆಟ್ಟುಗಳನ್ನು ಎತ್ತಿಕೊಳ್ಳುವ ಥ್ರೆಡ್‌ಗಳೂ ಅದರವೇ.

ಫ್ಲೋ ಟೇಬಲ್

ಹಾರ್ಡ್‌ವೇರ್ ಸ್ವಿಚ್ಚಿನಲ್ಲಿ ವೈಲ್ಡ್‌ಕಾರ್ಡ್ ನಿಯಮಗಳು (ಪ್ಯಾಕೆಟ್ಟಿನ ಕೆಲವು ಭಾಗಗಳನ್ನಷ್ಟೇ ನೋಡಿ ಹೊಂದಿಸುವವು) ಕೂರುವ ಟಿಕ್ಯಾಮ್ ಬೆಲೆಬಾಳುವ ಮೆಮೊರಿ, ಸಾಮಾನ್ಯ ಸ್ವಿಚ್ಚುಗಳಲ್ಲಿ ಕೆಲವೇ ಸಾವಿರ ನಿಯಮಗಳಿಗೆ ಜಾಗ. ಪ್ರತಿ ಸ್ಲೈಸಿಗೂ ಇಂತಿಷ್ಟು ಎಂದು ಹಂಚಿ, ಮೀರಿದಾಗ ಟೇಬಲ್ ತುಂಬಿದೆ ಎಂಬ ದೋಷ ಸಂದೇಶವನ್ನು ಆ ಸ್ಲೈಸಿನ ಕಂಟ್ರೋಲರಿಗೆ ಮಾತ್ರ ಕಳಿಸಬೇಕು. ಎಣಿಕೆಯನ್ನು ಎಲ್ಲಿ ಮಾಡುತ್ತೀರಿ ಎಂಬುದರಲ್ಲಿ ಒಂದು ಸೂಕ್ಷ್ಮವಿದೆ. ಒಂದು ಸ್ಲೈಸಿಗೆ ಹತ್ತು ಸಬ್‌ನೆಟ್‌ಗಳನ್ನು ಕೊಟ್ಟಿದ್ದೀರಿ ಎಂದುಕೊಳ್ಳಿ. ಅದರ ಕಂಟ್ರೋಲರ್ "ಎಲ್ಲವನ್ನೂ ಎರಡನೇ ಪೋರ್ಟಿಗೆ ಕಳಿಸು" ಎಂಬ ಒಂದೇ ನಿಯಮ ಬರೆಯುತ್ತದೆ. ಮಧ್ಯವರ್ತಿ ಅದನ್ನು ಸ್ಲೈಸಿನ ವ್ಯಾಪ್ತಿಯೊಂದಿಗೆ ಹೊಂದಿಸಿದಾಗ ಅದು ಹತ್ತು ನಿಯಮಗಳಾಗಿ ಹಿಗ್ಗಿ ಟಿಕ್ಯಾಮಿಗೆ ಇಳಿಯುತ್ತದೆ. ಕಂಟ್ರೋಲರ್ ಬರೆದದ್ದನ್ನು ಎಣಿಸಿದರೆ ಲೆಕ್ಕ ಹತ್ತು ಪಟ್ಟು ತಪ್ಪುತ್ತದೆ. ಆದ್ದರಿಂದ ಸ್ವಿಚ್ಚಿಗೆ ಇಳಿದದ್ದನ್ನೇ ಎಣಿಸಿ, ಮತ್ತು ಸ್ಲೈಸಿನ ವ್ಯಾಪ್ತಿಯನ್ನು ಸಾಧ್ಯವಾದಷ್ಟು ಒಂದೇ ವಿಎಲ್ಎಎನ್ ಅಥವಾ ಒಂದೇ ದೊಡ್ಡ ಸಬ್‌ನೆಟ್ ಆಗಿ ಕೊಡಿ.

ಓಪನ್ ವಿಸ್ವಿಚ್‌ನಲ್ಲಿ ಟೇಬಲ್ಲಿಗೆ ಫ್ಲೋ ಲಿಮಿಟ್ ಹಾಕಬಹುದು, ಮೀರಿದಾಗ ಹೊಸದನ್ನು ನಿರಾಕರಿಸಬೇಕೋ ಹಳೆಯದನ್ನು ಹೊರಹಾಕಬೇಕೋ ಎಂದೂ ಹೇಳಬಹುದು. ಹೊರಹಾಕುವ ಆಯ್ಕೆಯನ್ನು ಹಂಚಿಕೊಂಡ ಟೇಬಲ್ಲಿಗೆ ಕೊಡಬೇಡಿ. ಒಬ್ಬರು ತುಂಬಿಸಿದಾಗ ಹೊರಬೀಳುವುದು ಇನ್ನೊಬ್ಬರ ನಿಯಮವಾಗಬಹುದು.

ಸರ್ವರ್‌ಗಳ ಕಡೆ

ಇಲ್ಲಿ ಮಾಡಬೇಕಾದದ್ದು ಬಹುಪಾಲು ಕ್ಲೌಡ್ ಕಂಪ್ಯೂಟಿಂಗ್‌ನವರು ಮಾಡುವುದೇ. ಪ್ರತಿ ಸ್ಲೈಸಿನ ವರ್ಚುವಲ್ ಯಂತ್ರಗಳನ್ನು ನಿರ್ದಿಷ್ಟ ಕೋರ್‌ಗಳಿಗೆ ಕಟ್ಟಿಹಾಕಬೇಕು, ಒಂದೇ ಕೋರನ್ನು ಎರಡಾಗಿ ತೋರಿಸುವ ಹೈಪರ್‌ಥ್ರೆಡಿಂಗ್‌ನ ಜೋಡಿಗಳನ್ನು ಇಬ್ಬರಿಗೆ ಹಂಚಬಾರದು. ನೆಟ್‌ವರ್ಕ್ ಕಾರ್ಡಿನ ಇಂಟರಪ್ಟ್‌ಗಳನ್ನು ನಿಭಾಯಿಸುವ ಕೋರ್‌ಗಳು ಬೇರೆಯೇ ಇರಬೇಕು. ಲಿನಕ್ಸ್‌ನ ಸಿಗ್ರೂಪ್ ಮೂಲಕ ಮೆಮೊರಿಗೂ ಮಿತಿ ಹಾಕಬೇಕು. ಎಸ್‌ಆರ್‌-ಐಒವಿ (ಒಂದು ಕಾರ್ಡನ್ನು ಹಲವು ವರ್ಚುವಲ್ ಯಂತ್ರಗಳಿಗೆ ನೇರವಾಗಿ ಹಂಚುವ ಸೌಲಭ್ಯ) ಇರುವ ಕಾರ್ಡ್ ಇದ್ದರೆ ಸಾಫ್ಟ್‌ವೇರ್ ಸ್ವಿಚ್ಚಿನ ಹೊರೆ ತಪ್ಪುತ್ತದೆ, ಆದರೆ ಪ್ಯಾಕೆಟ್ಟುಗಳು ಆ ಸ್ವಿಚ್ಚಿನೊಳಗೆ ಬಾರದೆ ಹೊರಗಿನಿಂದಲೇ ಹೋಗುವುದರಿಂದ ಅಲ್ಲಿ ಬರೆದ ಫ್ಲೋ ನಿಯಮಗಳೂ ಅವಕ್ಕೆ ಅನ್ವಯವಾಗುವುದಿಲ್ಲ.

ಪರೀಕ್ಷೆ

ಕಾನ್ಫಿಗರೇಶನ್ ಫೈಲ್ ನೋಡಿ ಬೇರ್ಪಡಿಕೆ ಆಗಿದೆ ಎಂದು ನಂಬಬಾರದು. ಒಂದು ಸ್ಲೈಸನ್ನು ಕಾಟ ಕೊಡುವವರಾಗಿ, ಇನ್ನೊಂದನ್ನು ಕಾಟ ಅನುಭವಿಸುವವರಾಗಿ ಮಾಡಿ ನೋಡಬೇಕು. ಮೊದಲು ಎರಡನೆಯದನ್ನು ಒಂಟಿಯಾಗಿ ಓಡಿಸಿ ಅದರ ವೇಗ, ವಿಳಂಬ ಮತ್ತು ಹೊಸ ಫ್ಲೋ ಶುರುವಾಗಲು ಹಿಡಿಯುವ ಸಮಯವನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಮೊದಲನೆಯದರಿಂದ ಒಂದೊಂದೇ ಬಗೆಯ ಕಾಟ ಶುರುಮಾಡಿ. ಜಾಲದ ವೇಗ ಅಳೆಯುವ ಐಪರ್ಫ್‌ನಲ್ಲಿ ಯುಡಿಪಿ ಪ್ರವಾಹ ಬಿಟ್ಟರೆ ಬ್ಯಾಂಡ್‌ವಿಡ್ತ್ ಗೋಡೆಯ ಪರೀಕ್ಷೆಯಾಗುತ್ತದೆ. ಮೂಲ ವಿಳಾಸವನ್ನು ಪ್ರತಿ ಪ್ಯಾಕೆಟ್ಟಿಗೂ ಬದಲಿಸುತ್ತಾ ಚಿಕ್ಕ ಪ್ಯಾಕೆಟ್ಟುಗಳನ್ನು ಕಳಿಸಿದರೆ ಸಿಪಿಯುವಿನದು. ಪಾಲಿಗಿಂತ ಹೆಚ್ಚು ನಿಯಮ ಬರೆದರೆ ಟೇಬಲ್ಲಿನದು. ಅಂಕಿಅಂಶವನ್ನು ಬಿಡುವಿಲ್ಲದೆ ಕೇಳಿದರೆ ನಿಯಂತ್ರಣ ದಾರಿಯದು. ಪ್ರತಿ ಸಲವೂ ಸರಾಸರಿಯನ್ನು ಬದಿಗಿಟ್ಟು 99ನೇ ಪರ್ಸೆಂಟೈಲನ್ನು, ಅಂದರೆ ನೂರರಲ್ಲಿ 99 ಪ್ಯಾಕೆಟ್ಟುಗಳು ಎಷ್ಟು ವಿಳಂಬದೊಳಗೆ ತಲುಪುತ್ತವೆ ಎಂಬುದನ್ನು, ನೋಡಿ. ನೂರರಲ್ಲಿ ಎರಡು ಪ್ಯಾಕೆಟ್ ಅರ್ಧ ಸೆಕೆಂಡ್ ತಡವಾದರೂ ಮಧ್ಯದ ಅಂಕಿ (ಮೀಡಿಯನ್) ಅಲುಗುವುದೇ ಇಲ್ಲ, ಸರಾಸರಿಯಲ್ಲಿ ಅದು ಯಾವುದೋ ಸಣ್ಣ ಏರಿಕೆಯಂತೆ ಕಂಡು ಮರೆಯಾಗುತ್ತದೆ. ಈ ಪರೀಕ್ಷೆಯನ್ನು ಜಾಲವನ್ನು ಅನುಕರಿಸುವ ಮಿನಿನೆಟ್‌ನಲ್ಲಿ ಮಾಡಿ ಮುಗಿಸಬೇಡಿ. ಅಲ್ಲಿ ಎಲ್ಲ ಸ್ವಿಚ್ಚುಗಳೂ ಒಂದೇ ಯಂತ್ರದ ಒಂದೇ ಕರ್ನಲ್ ಮೇಲೆ ಓಡುತ್ತವೆ. ನಿಯಮಗಳ ತರ್ಕ ಸರಿಯಿದೆಯೇ ಎಂದು ನೋಡಲು ಅದು ಬಹಳ ಒಳ್ಳೆಯದು, ಬೇರ್ಪಡಿಕೆಯ ಪ್ರಮಾಣವನ್ನು ಅಳೆಯಲು ಆಗದು.

ನಮ್ಮಲ್ಲಿ ಪ್ಯಾಕೆಟ್ ಇನ್ ಮಿತಿ ಹಾಕಿದ ಮೇಲೆ ಆ ಇಬ್ಬರು ವಿದ್ಯಾರ್ಥಿಗಳನ್ನೂ ಒಟ್ಟಿಗೆ ಕೂರಿಸಿ ಅದೇ ಪ್ರಯೋಗಗಳನ್ನು ಮತ್ತೆ ಓಡಿಸಿದೆವು. ನಿಯಮ ಬರೆಯದ ವಿದ್ಯಾರ್ಥಿಯ ಸ್ಲೈಸಿನಲ್ಲಿ ಪ್ಯಾಕೆಟ್ಟುಗಳು ಬೀಳತೊಡಗಿದವು, ವಿದ್ಯಾರ್ಥಿನಿಯ ವಿಳಂಬದ ಗೆರೆ ಕದಲಲಿಲ್ಲ. ಅವನು ತನ್ನ ಕೋಡಿನಲ್ಲಿ ನಿಯಮ ಬರೆಯುವ ಸಾಲು ಬಿಟ್ಟುಹೋಗಿರುವುದನ್ನು ಆಗಲೇ ಕಂಡುಕೊಂಡ.

ತೆರವು ಮಾಡುವುದು

ಪ್ರಯೋಗ ಮುಗಿದ ಸ್ಲೈಸಿನ ನಿಯಮಗಳು ಸ್ವಿಚ್ಚಿನಲ್ಲೇ ಉಳಿದು, ಅದೇ ವಿಎಲ್ಎಎನ್ ಸಂಖ್ಯೆ ಮುಂದಿನವರಿಗೆ ಸಿಕ್ಕಾಗ ಅವರ ಪ್ಯಾಕೆಟ್ಟುಗಳು ಎಲ್ಲೋ ಹೋಗುತ್ತವೆ. ಇದಕ್ಕೆ ಫ್ಲೋ ಕುಕಿಯನ್ನು, ಅಂದರೆ ಪ್ರತಿ ನಿಯಮದ ಜೊತೆ ಇಡಬಹುದಾದ ಗುರುತಿನ ಸಂಖ್ಯೆಯನ್ನು, ಬಳಸಿಕೊಳ್ಳಿ. ಅದರ 64 ಬಿಟ್‌ಗಳಲ್ಲಿ ಮೇಲಿನ 16ನ್ನು ಸ್ಲೈಸಿನ ಸಂಖ್ಯೆಗೆ ಮೀಸಲಿಟ್ಟು, ಮಧ್ಯವರ್ತಿಯೇ ಅದನ್ನು ಬರೆಯುವಂತೆ ಮಾಡಿ. ಕಂಟ್ರೋಲರ್ ಬರೆದದ್ದನ್ನು ನಂಬಬೇಡಿ. ಓಪನ್‌ಫ್ಲೋ 1.1ರಿಂದ ಮುಂದಕ್ಕೆ ಕುಕಿಗೆ ಮಾಸ್ಕ್ ಹಾಕಿ, ಅಂದರೆ ಅದರ ಆಯ್ದ ಬಿಟ್‌ಗಳನ್ನಷ್ಟೇ ಹೋಲಿಸಿ, ಅಳಿಸಲು ಅವಕಾಶವಿರುವುದರಿಂದ ಒಂದೇ ಆಜ್ಞೆಯಲ್ಲಿ ಆ ಸ್ಲೈಸಿನ ನಿಯಮಗಳೆಲ್ಲ ಹೋಗುತ್ತವೆ, ಬೇರೆಯವರದು ಒಂದೂ ಅಲುಗುವುದಿಲ್ಲ. ಅದರ ನಂತರ ಸಾಲುಗಳು, ಮೀಟರ್‌ಗಳು ಮತ್ತು ಕೋರ್ ಹಂಚಿಕೆಯನ್ನು ಹಿಂತೆಗೆದುಕೊಂಡು, ಆರಂಭದಲ್ಲಿ ಬರೆದ ಹಾಳೆಯಲ್ಲಿ ಆ ಸ್ಲೈಸಿನ ಸಾಲನ್ನು ಹೊಡೆದುಹಾಕಿ ದಿನಾಂಕ ಹಾಕಿಡಿ.